ಹತ್ತೊಂಬತ್ತನೇ ಮಹಡಿಯ ಬಣ್ಣ

ಠಪ್!

ಬಾಗಿಲಿಗೆ ಹೊರಗಿನಿಂದ ಚಿಲಕ ಬಿತ್ತು. ನಾನು ಒಳಗೆ. ಬೇಸ್‌ಮೆಂಟಿನ ಎಸ್‌ಟಿಪಿ ರೂಮು... ಇಡೀ ಅಪಾರ್ಟ್‌ಮೆಂಟಿನ ಕೊಳಚೆ ನೀರನ್ನು ಶುದ್ಧ ಮಾಡಬೇಕಾದ ಪ್ಲಾಂಟು ಇರುವ ಜಾಗ.

"ಮೇಡಂ..." ಹೊರಗೆ ಸೆಕ್ಯುರಿಟಿ ಸೂಪರ್‌ವೈಸರ್ ಶ್ರೀನಿವಾಸನ ದನಿ. "ಫೋಟೋ ಎಲ್ಲಾ ಡಿಲೀಟ್ ಮಾಡ್ಬಿಡಿ. ಬಾಗ್ಲು ತೆಗೀತೀನಿ."

"ಮಾಡ್ದಿದ್ರೆ?"

"ಇಲ್ಲಿ ಕ್ಯಾಮೆರಾ ಕೆಟ್ಟೋಗಿದೆ ಮೇಡಂ. ನೆಟ್‌ವರ್ಕೂ ಸಿಗಲ್ಲ."

ಬೆದರಿಕೆಯಲ್ಲೂ ಎಂಥಾ ಮರ್ಯಾದೆ ನೋಡಿ!

ನಾನು ಆಶ್ರಿತಾ. ಜೀವನ್ ಬಿಮಾ ನಗರದವಳು. ಅಪಾರ್ಟ್‌ಮೆಂಟಿನವರು ನಡೆಸುವ ಪರಿಸರ ಕಾರ್ಯಕ್ರಮಗಳು ನಿಜವೋ ಬೂಟಾಟಿಕೆಯೋ ಎಂದು ತಪಾಸಣೆ ಮಾಡಿ ಅಂಕ ಕೊಡುವುದು ನನ್ನ ಕೆಲಸ. ದೊಡ್ಡನೆಕ್ಕುಂದಿಯ ಈ ಟವರಿಗೆ ಇಪ್ಪತ್ತಾರು ಮಹಡಿ, ಮುನ್ನೂರು ಮನೆ. ಶುದ್ಧವಾಗದ ಒಂದು ಹನಿಯೂ ನಮ್ಮ ಗೇಟು ದಾಟುವುದಿಲ್ಲ ಎಂಬುದು ಅವರ ಜಂಬ.

ಬೆಳಗ್ಗೆ ಹತ್ತಕ್ಕೆ ಹತ್ತೊಂಬತ್ತನೇ ಮಹಡಿಯ ಕಮೋಡಿಗೆ ಎರಡು ಪ್ಯಾಕೆಟ್ ಗುಲಾಬಿ ಬಣ್ಣ ಸುರಿದು ಫ್ಲಶ್ ಒತ್ತಿದ್ದೆ. ಬಣ್ಣ ಈ ಟ್ಯಾಂಕಿಗೇ ಬರಬೇಕಿತ್ತು. ಟ್ಯಾಂಕು ಒಣಗಿತ್ತು. ಮೋಟಾರಿನ ಬೆಲ್ಟಿನ ಮೇಲೆ ಜೇಡ ಸಂಸಾರ ಹೂಡಿತ್ತು!

ಹಾಗಾದರೆ ಬಣ್ಣ ಹೋದದ್ದೆಲ್ಲಿಗೆ?

ಮೇಲಿನಿಂದ ಬಂದ ದಪ್ಪ ಪೈಪು ಟ್ಯಾಂಕಿಗೆ ಇಳಿಯದೆ ಸೀದಾ ಗೋಡೆಯಾಚೆ ಹೋಗಿತ್ತು. ಪಕ್ಕದಲ್ಲೇ, ಇಳಿಜಾರಿನ ಕಡೆಗೆ ತೆರೆದ ಗಾಳಿಕಿಂಡಿ. ಜಾಲರಿಗೆ ಒದ್ದೆ. ಒಂದು... ಎರಡು... ಮೂರನೆಯದಕ್ಕೆ ಕಳಚಿತು. ಮೊಣಕೈ ತರಚಿಕೊಂಡು ಹೊರಗೆ ಬಿದ್ದೆ.

ಹಿಂದೆ ವಿಸಿಲ್! ಬೂಟಿನ ಸದ್ದು!

ಕಾಂಪೌಂಡ್ ಹಾರಿದೆ. ಮಳೆನೀರು ಹರಿಯಬೇಕಾದ ರಾಜಕಾಲುವೆಯ ಅಂಚಿನಲ್ಲೇ ಓಡಿದೆ. ಕಾಲುವೆ ಗುಲಾಬಿಯಾಗಿ ಹರಿಯುತ್ತಿತ್ತು!

ಸಿಕ್ಕಿಬಿದ್ರಲ್ಲ ಮಕ್ಕಳಾ! ಫೋಟೋ ತೆಗೆಯುತ್ತಲೇ ಓಡಿದೆ. ಆ ಖುಷಿ ನೂರು ಹೆಜ್ಜೆಯೂ ಬಾಳಲಿಲ್ಲ.

ಕಾಲುವೆಗೆ ಯಾರೋ ಪೈಪು ಇಳಿಬಿಟ್ಟಿದ್ದರು. ಪಂಪು ಓಡುತ್ತಿತ್ತು. ಆಚೆಗೆ ಅರ್ಧ ಎಕರೆ ಸೊಪ್ಪಿನ ತೋಟ. ಪಾಲಕ್, ಮೆಂತ್ಯ, ಕೊತ್ತಂಬರಿ... ಸಾಲುಗಳ ನಡುವೆ ಗುಲಾಬಿ ನೀರು. ಸೀರೆ ಎತ್ತಿಕಟ್ಟಿ ನೀರು ತಿರುಗಿಸುತ್ತಿದ್ದವಳು ಚಿಕ್ಕಮುನಿಯಮ್ಮ.

ಬೆಳಗ್ಗೆಯಷ್ಟೇ ಟವರಿನ ಲಾಬಿಯಲ್ಲಿ ನೋಡಿದ್ದೆ ಈಕೆಯನ್ನು. ಪ್ರತಿ ಭಾನುವಾರ ಅಲ್ಲಿ ಈಕೆಯ ಸೊಪ್ಪಿನ ಅಂಗಡಿ. 'ಹತ್ತಿರದ ಬೆಳೆಯನ್ನೇ ಕೊಳ್ಳಿ' ಎಂಬ ಬೋರ್ಡು. ಅದಕ್ಕೆ ನಾನೇ ಹತ್ತಕ್ಕೆ ಹತ್ತು ಅಂಕ ಕೊಟ್ಟಿದ್ದೆ. ಬೇಡವೆಂದರೂ ಒಂದು ಕಟ್ಟು ಮೆಂತ್ಯ ನನ್ನ ಬ್ಯಾಗಿಗೆ ತುರುಕಿದ್ದಳು.

"ಏನಮ್ಮಾ ಇದು? ನೀರೆಲ್ಲಾ ಓಕುಳಿ ಆಗ್ಬಿಟ್ಟೈತೆ!"

"ಪಂಪ್ ನಿಲ್ಸಿ ಅಜ್ಜಿ! ಇದು ಆ ಟವರಿನ ಕಕ್ಕಸಿನ ನೀರು!"

"ಅಯ್ಯೋ ಶಿವನೇ! ಕಿಲೀನ್ ಮಾಡಿ ಬಿಡ್ತೀವಿ, ಗಿಡಕ್ಕೆ ಒಳ್ಳೇದು ಅಂತ ಸೆಕ್ರೆಟ್ರಿನೇ ಹೇಳಿದ್ರಲ್ಲಮ್ಮಾ..."

ಅಷ್ಟರಲ್ಲಿ ಕಾರು ಬಂದು ನಿಂತಿತು. ಇಳಿದವರು ಅದೇ ಸೆಕ್ರೆಟರಿ, ಟವರಿನ ನಿವಾಸಿಗಳ ಸಂಘದ ಕೃಷ್ಣಸ್ವಾಮಿ. ಇಸ್ತ್ರಿ ಮಾಡಿದ ಶರ್ಟು. ಹಿಂದೆ ಏದುಸಿರು ಬಿಡುವ ಶ್ರೀನಿವಾಸ.

"ಸಾರಿ ಮೇಡಂ. ನಮ್ಮ ಹುಡುಗ ಸ್ವಲ್ಪ ಅವಸರ ಪಟ್ಬಿಟ್ಟ."

"ಪ್ಲಾಂಟ್ ಯಾಕ್ರೀ ಆಫ್ ಮಾಡಿದೀರಾ?"

"ಮೋಟಾರ್ ಸದ್ದಿಗೆ ಕೆಳಗಿನ ಮನೆಯವ್ರಿಗೆ ಧ್ಯಾನ ಮಾಡೋಕಾಗ್ತಿರ್ಲಿಲ್ಲ. ವೋಟಿಗೆ ಹಾಕಿ ನಿಲ್ಸಿದ್ವಿ."

"ಎಲ್ಲಾ ಬರೀತೀನಿ!"

"ಬರೀರಿ." ಅವರು ನಕ್ಕರು. "ಕೊಳಚೇಲಿ ಸೊಪ್ಪು ಬೆಳೆದು ನಮ್ಮ ಮಕ್ಳಿಗೆ ಮಾರಿದ್ದು ಯಾರು ಅಂತಾನೂ ಬರೀರಿ. ಜನ ಮೊದ್ಲು ಯಾರನ್ನ ಹಿಡ್ಕೋತಾರೆ, ಹೇಳಿ?"



ಚಿಕ್ಕಮುನಿಯಮ್ಮ ನನ್ನ ಕೈ ಹಿಡಿದಳು. "ಬರೀಬ್ಯಾಡ ಕಣಮ್ಮಾ... ಆ ಅಂಗ್ಡಿ ಬಿಟ್ರೆ ನಂಗೆ ಇನ್ನೇನೈತೆ?"

ಬರೆಯದಿದ್ದರೆ ಮುನ್ನೂರು ಮನೆಯ ಮಕ್ಕಳು ಅದೇ ಸೊಪ್ಪು ತಿನ್ನುತ್ತಾರೆ. ಬರೆದರೆ ಈ ಅಜ್ಜಿಯ ಅನ್ನ ಹೋಗುತ್ತದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಹೇಳಿ!

ಬರೆದೆ. ತಪ್ಪೆಲ್ಲ ಪ್ಲಾಂಟು ನಿಲ್ಲಿಸಿದವರದು, ಅಜ್ಜಿಗೆ ಮೋಸವಾಗಿದೆ ಎಂದು ದಪ್ಪಕ್ಷರದಲ್ಲೇ ಬರೆದೆ. ವರದಿ ಕೈಸೇರಿದ ಮೇಲೆ ಟವರಿನ ವಾಟ್ಸಾಪ್ ಗ್ರೂಪಿನಲ್ಲಿ ನಾನೂರು ಮೆಸೇಜು ಬಂದವಂತೆ. ಎಲ್ಲವೂ ಸೊಪ್ಪಿನ ಬಗ್ಗೆ! ಪ್ಲಾಂಟಿನ ಬಗ್ಗೆ ಒಂದೇ ಒಂದು... 'ಮತ್ತೆ ಓಡಿಸಿದರೆ ಸದ್ದು ಬರುತ್ತಾ?'

ಮುಂದಿನ ಭಾನುವಾರ ಶ್ರೀನಿವಾಸ ಅಜ್ಜಿಯ ಬುಟ್ಟಿ ಎತ್ತಿ ಗೇಟಿನಾಚೆ ಇಟ್ಟ. ಅವಳು ಸಂಜೆಯವರೆಗೂ ಅಲ್ಲೇ ಕೂತಿದ್ದಳಂತೆ. ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ?

ನನ್ನ ಬಾಸ್ ವಿಕ್ರಮ್‌ಗೆ ಫೋನ್ ಮಾಡಿ ಕೂಗಾಡಿದೆ.

"ಪ್ಲಾಂಟ್ ರಿಪೇರಿಲಿದೆ ಅಂತ ಲೆಟರ್ ಕೊಟ್ಟಿದಾರೆ ಆಶ್ರಿತಾ. ಸರ್ಟಿಫಿಕೇಟ್ ಕೊಟ್ಟು ಕಳಿಸಾಯ್ತು."

"ಒಂದು ಅಂಕಾನೂ ಕಳೀಲಿಲ್ವಾ ಸಾರ್?"

"ಕಳೆದ್ವಲ್ಲ... ಹತ್ತು!"

"ಯಾವುದಕ್ಕೆ?"

"ಲಾಬೀಲಿ ಈಗ ಸೊಪ್ಪಿನ ಅಂಗಡಿ ಇಲ್ವಲ್ಲ... ಅದಕ್ಕೆ."