ಏಳನೆಯ ಕೊಳವೆಯ ನೀರು

ತಿಂಗಳ ಹನ್ನೆರಡನೆಯ ತಾರೀಕು, ಬೆಳಿಗ್ಗೆ 11.20. ಗಣಿ ಕಂಪನಿಯ ಮ್ಯಾನೇಜರು ಠಾಣೆಯ ಮೆಟ್ಟಿಲು ಹತ್ತಿದಾಗ ಅವರ ಕೈಯಲ್ಲಿ ದೂರಿನ ಹಾಳೆಗಿಂತ ಮೊದಲು ಕಂಡದ್ದು ಒಂದು ಬಾಟಲಿ ನೀರು. ನೋಡಲು ತಿಳಿಯಾಗಿಯೇ ಇತ್ತು. ಮಲಗಿದ ಹಾವನ್ನು ಇಳಿಸುವವರ ಹಾಗೆ ಅದನ್ನು ಇನ್ಸ್‌ಪೆಕ್ಟರ ಮೇಜಿನ ಮೇಲೆ ಇಳಿಸಿದರು.

"ನಮ್ಮ ಏಳನೇ ಕೊಳವೆ ನೀರು, ಮೇಡಂ. ಯಾರೋ ವಿಷ ಸುರಿದಿದಾರೆ."

ಪಕ್ಕದ ಮೇಜಿನಿಂದ ದಫೇದಾರರು ತಲೆಯೆತ್ತಿದರು. "ನೀರು ಕೆಟ್ಟಿದೆ ಅಂತ ಊರೋರು ಬರೋದು ನೋಡಿದ್ದೆ. ಗಣಿಯೋರೇ ಬಂದದ್ದು ಇದೇ ಮೊದಲು ಬಿಡಿ."

ಇನ್ಸ್‌ಪೆಕ್ಟರು ನಗಲಿಲ್ಲ. "ಗಣಿ ಕೆಲಸ ಶುರುವಾಗಿದ್ಯಾ?"

"ಒಂದು ಗುದ್ದಲಿ ಮಣ್ಣೂ ಎತ್ತಿಲ್ಲ."

"ಮತ್ತೆ ನೀರಿನ ಪರೀಕ್ಷೆ ಯಾಕೆ?"

ಮ್ಯಾನೇಜರು ಉಸಿರೆಳೆದುಕೊಂಡು ಹೇಳಿದರು. ಫೋನಿನಿಂದ ಹಿಡಿದು ಗಾಳಿಯಂತ್ರದ ಅಯಸ್ಕಾಂತದವರೆಗೆ ಬೇಕಾಗುವ ಅಪರೂಪದ ಖನಿಜ ಈ ಗುಡ್ಡದ ಮಣ್ಣಿನಲ್ಲಿದೆ. ಹೊರದೇಶದಿಂದ ತರಿಸುವುದನ್ನು ಬಿಟ್ಟು ಇಲ್ಲೇ ತೆಗೆಯಬೇಕು, ಆದರೆ ನೆಲ ಕೆಡಬಾರದು. ಕೆಸರಿನ ಹೊಂಡ ಇರುವುದಿಲ್ಲ. ತೊಳೆದ ನೀರನ್ನೇ ಮತ್ತೆ ತೊಳೆಯಲು ಬಳಸುತ್ತಾರೆ, ಅಗೆದ ಗುಂಡಿಯನ್ನು ಆಗಿಂದಾಗಲೇ ತುಂಬುತ್ತಾರೆ. ಬಂಡವಾಳ ಹೂಡಲು ಒಪ್ಪಿದ್ದು ನಿವೃತ್ತ ಶಿಕ್ಷಕರ ಪಿಂಚಣಿ ನಿಧಿ. ಅವರದ್ದು ಒಂದೇ ಷರತ್ತು: ಗುಡ್ಡದ ಸುತ್ತ ಹಿಂದಿನ ಗಣಿಯವರು ನೀರಿನ ಪರೀಕ್ಷೆಗೆಂದು ಕೊರೆಸಿದ್ದ ಏಳು ಕೊಳವೆಬಾವಿಗಳ ನೀರು ಇವತ್ತು ಹೇಗಿದೆ ಎಂದು ಹೊರಗಿನ ಲ್ಯಾಬು ಬರೆದುಕೊಡಬೇಕು. ಆರು ಕೊಳವೆಯಲ್ಲಿ ನೀರು ಕುಡಿಯುವಷ್ಟು ಶುದ್ಧವಾಗಿತ್ತು. ಏಳನೆಯದರಲ್ಲಿ ಆಮ್ಲ, ಸೀಸ, ಕುಡಿದರೆ ಮೂತ್ರಪಿಂಡ ಉಳಿಯದಷ್ಟು. ಇಪ್ಪತ್ತನೆಯ ತಾರೀಕು ಸಹಿ ಆಗಬೇಕು.

"ಆಗದಿದ್ರೆ?"

"ಅವರು ಹಿಂದೆ ಸರೀತಾರೆ. ಆಮೇಲೆ ಈ ಗುಡ್ಡಕ್ಕೆ ಬರೋರು ನೀರು ನೋಡೋರಲ್ಲ, ಮೇಡಂ."

12.05ಕ್ಕೆ ಎಫ್‌ಐಆರ್ ಆಯಿತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಸ್ಥಳ ಪಂಚನಾಮೆ. ಏಳನೆಯ ಕೊಳವೆ ಇದ್ದದ್ದು ಗುಡ್ಡದ ಕೆಳಗೆ, ಹಳೆಯ ಗಣಿಯ ಕಾರ್ಮಿಕರು ಬಿಟ್ಟುಹೋದ ವಸತಿಯ ಪಕ್ಕದಲ್ಲಿ. ಬಾಗಿಲಿಲ್ಲದ ಮನೆಗಳು, ಅಂಗಳಕ್ಕೊಂದೊಂದು ತುಕ್ಕು ಹಿಡಿದ ನಲ್ಲಿ. ನಲ್ಲಿಯ ಬಾಯಿಗಳೆಲ್ಲ ಏನನ್ನೋ ಹೇಳಲು ತೆರೆದು ಹಾಗೇ ನಿಂತುಬಿಟ್ಟಂತಿದ್ದವು. ಹಳೆಯ ಗಣಿ ಮುಚ್ಚಿ ಹನ್ನೆರಡು ವರ್ಷವಾಗಿತ್ತು. ಅದರ ಕೆಸರಿನ ಹೊಂಡದ ಮೇಲೆ ಮಣ್ಣು ಹೊದಿಸಿದ್ದರು, ಈಗ ಹುಲ್ಲು ಬೆಳೆದಿತ್ತು.

ಮುಚ್ಚಳ ತೆರೆದವನು ಕಂಪನಿಗೆ ನೀರಿನ ಮಾದರಿ ತೆಗೆಯುವ ಮುದುಕ. ಎಲ್ಲರೂ ಕರೆಯುವುದು ನೀರಜ್ಜ ಎಂದೇ. ಹಳೆಯ ಗಣಿಯಲ್ಲೂ ಅದೇ ಕೆಲಸ ಮಾಡಿದವನು. ಕೊಳವೆಯ ಬಾಯಿಂದ ತಣ್ಣನೆಯ ಗಾಳಿ ಬಂದು ಇನ್ಸ್‌ಪೆಕ್ಟರ ಕೆನ್ನೆಗೆ ತಾಗಿತು.

"ಉಸಿರಾಡ್ತದೆ ತಾಯಿ," ಎಂದ ನೀರಜ್ಜ. "ಬೆಳಿಗ್ಗೆ ಬಿಡ್ತದೆ, ಸಂಜೆ ಎಳ್ಕೊಳ್ತದೆ."

ದಫೇದಾರರು ಎರಡು ಹೆಜ್ಜೆ ಹಿಂದೆ ಸರಿದರು. "ನಾನಿಲ್ಲೇ ನಿಂತ್ಕೊಂಡು ಬರೀತೀನಿ ಮೇಡಂ. ಕಾಣ್ತದೆ."

ಮಾದರಿ ತೆಗೆಯುವ ಕ್ರಮವನ್ನು ಮ್ಯಾನೇಜರು ವಿವರಿಸಿದರು. ಕೊಳವೆಯಲ್ಲಿ ನಿಂತ ಹಳೆಯ ನೀರನ್ನು ಹಿಂದಿನ ಸಂಜೆಯೇ ಪಂಪು ಮಾಡಿ ಪೂರ್ತಿ ಹೊರಹಾಕಬೇಕು. ರಾತ್ರಿಯೆಲ್ಲ ನೆಲದಿಂದ ಊರುವ ಹೊಸ ನೀರನ್ನು ಬೆಳಿಗ್ಗೆ ತುಂಬಬೇಕು. ಎಂಟನೆಯ ತಾರೀಕು ಸಂಜೆ ಐದಕ್ಕೆ ಪಂಪು, ಒಂಬತ್ತರ ಬೆಳಿಗ್ಗೆ ಒಂಬತ್ತಕ್ಕೆ ಮಾದರಿ. ಎರಡನ್ನೂ ಲ್ಯಾಬಿನವರೇ ಮಾಡಿದ್ದರು. ಬೀಗದ ಕೈ ಕಚೇರಿಯ ಮೊಳೆಯಲ್ಲಿ ನೇತಾಡುತ್ತಿತ್ತು, ಯಾರು ಬೇಕಾದರೂ ತೆಗೆಯಬಹುದಿತ್ತು.

ಸಂಜೆ ಐದಕ್ಕೆ ಮುಂಚೆ ಸುರಿದಿದ್ದರೆ ವಿಷ ಪಂಪಿನೊಂದಿಗೇ ಹೊರಬೀಳುತ್ತಿತ್ತು ಎಂದುಕೊಂಡರು ಇನ್ಸ್‌ಪೆಕ್ಟರು. ಸುರಿದವನು ಕ್ರಮ ಬಲ್ಲವನು.

ಮಧ್ಯಾಹ್ನ 3.40ಕ್ಕೆ ಲ್ಯಾಬಿನಿಂದ ಫೋನು ಬಂತು. "ಈ ಆಮ್ಲದ ಬೆರಕೆ ಹಳೇ ಗಣಿ ಒಂದರಲ್ಲೇ ಇದ್ದದ್ದು, ಮೇಡಂ. ಆ ಹೊಂಡ ಬತ್ತಿಸಿ ಮುಚ್ಚಿಯಾಗಿದೆ. ಈ ನೀರು ಈಗ ಭೂಮಿ ಮೇಲೆ ಎಲ್ಲೂ ಇರೋಕೆ ಸಾಧ್ಯ ಇಲ್ಲ."

"ಸತ್ತ ನೀರು ಎದ್ದು ಬಂತು ಅನ್ನಿ," ಎಂದರು ದಫೇದಾರರು. ಈ ಸಲ ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಇನ್ಸ್‌ಪೆಕ್ಟರು ಪಂಚನಾಮೆಯ ಹಾಳೆ ತೆರೆದರು. ಪ್ರತಿ ಕೊಳವೆಯ ಮುಚ್ಚಳದ ಒಳಗೂ ಒಂದು ತಗಡಿನ ಹಲಗೆ. ಮುಚ್ಚಳ ತೆಗೆದವರು ತಾರೀಕು, ಹೊತ್ತು, ನೀರಿನ ಆಳ, ಈ ಮೂರನ್ನೂ ಪೆನ್ಸಿಲಿನಲ್ಲಿ ಬರೆಯಲೇಬೇಕು. ಏಳನೆಯದಕ್ಕೆ ಈ ತಿಂಗಳು ಹೊಸ ಹಲಗೆ ಹಾಕಿದ್ದರು. ಪಂಚನಾಮೆಯ ಹೊತ್ತಿಗೆ ಯಾರೂ ಹಲಗೆ ಮುಟ್ಟದಂತೆ ತಡೆದಿದ್ದರಿಂದ ಅದರಲ್ಲಿ ಮೂರೇ ಸಾಲುಗಳಿದ್ದವು. ಎಂಟು, ಸಂಜೆ 5.00. ಒಂಬತ್ತು, ಬೆಳಿಗ್ಗೆ 6.10, ಆಳ 18.4. ಒಂಬತ್ತು, ಬೆಳಿಗ್ಗೆ 9.00.

ನಡುವಿನ ಸಾಲು ಕಂಪನಿಯದು ಅಂದುಕೊಂಡೆವು ಎಂದರು ಲ್ಯಾಬಿನವರು. ಲ್ಯಾಬಿನವರದು ಅಂದುಕೊಂಡೆವು ಎಂದರು ಕಂಪನಿಯವರು.

"ಕಳ್ಳತನ ಮಾಡಿ ರಸೀದಿ ಬರೆದಿಟ್ಟು ಹೋದ ಹಾಗಾಯ್ತಲ್ಲ ಮೇಡಂ! ಇಂಥ ದಡ್ಡ ಯಾರು?"

"ದಡ್ಡ ಅಲ್ಲ ದಫೇದಾರ್ರೇ," ಎಂದರು ಇನ್ಸ್‌ಪೆಕ್ಟರು ಮೆಲ್ಲಗೆ. "ಬರೀದೆ ಇರೋಕಾಗದೋನು."

ಹದಿನಾಲ್ಕನೆಯ ತಾರೀಕು ಬೆಳಿಗ್ಗೆ 8.40. ಕೊಳವೆಯ ಹತ್ತಿರ ಇನ್ಸ್‌ಪೆಕ್ಟರು, ದಫೇದಾರರು, ನೀರಜ್ಜ, ಮೂವರೇ ಇದ್ದರು.

"ಅಜ್ಜ, ಆಳ ಎಷ್ಟಿದೆ ನೋಡಿ ಹೇಳಿ."

ನೀರಜ್ಜ ಮುಚ್ಚಳ ತೆಗೆದು ಅಳತೆಯ ಪಟ್ಟಿ ಇಳಿಬಿಟ್ಟ. "ಹದಿನೆಂಟು ಕಾಲು." ಹೇಳುತ್ತಲೇ ಕಿವಿಯ ಮೇಲಿನ ಪೆನ್ಸಿಲು ಕೈಗೆ ಬಂದಿತ್ತು. ಹದಿನಾಲ್ಕು, 8.40, 18.25.

"ಬರೀರಿ ಅಂತ ನಾನು ಹೇಳ್ಲಿಲ್ಲ."

ಮುದುಕ ತನ್ನ ಕೈಯನ್ನು ಪರರ ಕೈಯೆಂಬಂತೆ ನೋಡಿದ. ಅವನ ಎಂಟು ಎಲ್ಲರ ಎಂಟಿನಂತಿರಲಿಲ್ಲ. ಒಂದು ಸೊನ್ನೆಯ ತಲೆಯ ಮೇಲೆ ಇನ್ನೊಂದು ಸೊನ್ನೆ ಕೂರಿಸಿದಂತಿತ್ತು. ಮೇಲಿನ 6.10ರ ಸಾಲಿನಲ್ಲೂ ಅದೇ ಎಂಟು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ನಲವತ್ತು ವರ್ಷದ ಕೆಲಸವೂ ಹುಟ್ಟುಗುಣವೇ ಆಗಿಬಿಡುತ್ತದೆ.

"ಗೊತ್ತೇ ಆಗ್ಲಿಲ್ಲ ತಾಯಿ," ಎಂದ. "ಮುಚ್ಚಳ ತೆಗೆದ್ಮೇಲೆ ಬರೀಬೇಕು."

"ನೀರು ಎಲ್ಲಿಂದ ತಂದ್ರಿ?"

"ಇಲ್ಲಿಂದಾನೇ." ಕೊಳವೆ ತೋರಿಸಿದ. "ಇಪ್ಪತ್ತೆರಡು ವರ್ಷದ ಹಿಂದೆ. ಎಲ್ಲಿಂದ ತಂದಿದ್ನೋ ಅಲ್ಲಿಗೇ ಹಾಕ್ದೆ."

ಅವನ ಮನೆ ಒಂದೇ ಕೋಣೆ. ಗೋಡೆಯ ಗೂಡಿಗೆ ಹಳೆಯ ಸೀರೆಯ ತುಂಡಿನ ಪರದೆ, ಅದರ ಹಿಂದೆ ಐದು ಲೀಟರಿನ ಮೂರು ಕ್ಯಾನು. ಎರಡು ಖಾಲಿ, ಒಂದು ತುಂಬಿತ್ತು. ಮೂರಕ್ಕೂ ಮಾಸಿದ ಚೀಟಿ, ಪೆನ್ಸಿಲಿನ ಅಕ್ಷರ: ಏಳನೆಯ ಕೊಳವೆ. ಕೆಳಗೆ 'ಸ್ವೀಕರಿಸಿದವರು' ಎಂದು ಅಚ್ಚಾಗಿತ್ತು, ಮುಂದಿನ ಜಾಗ ಖಾಲಿ.

"ಆವತ್ತಿನ ಸಾಹೇಬರು, ಇದನ್ನ ಚೆಲ್ಲು, ಮೂರನೇ ಕೊಳವೆ ನೀರು ತುಂಬಿಸಿ ಏಳನೇದು ಅಂತ ಬರಿ ಅಂದ್ರು. ಬರೆದೆ. ಚೆಲ್ಲೋಕೆ ಮಾತ್ರ ಕೈ ಬರ್ಲಿಲ್ಲ. ಅಕ್ಕ ಅಲ್ಲೇ ಇದ್ಳು, ಆ ನಲ್ಲಿ ಮನೇಲಿ. ನೀರು ಕುಡೀಬಹುದೇನೋ ತಮ್ಮಾ ಅಂತ ಕೇಳಿದ್ಳು. ವರದಿ ಒಳ್ಳೇದು ಬಂದಿದೆ ಅಕ್ಕಾ ಅಂದೆ."

ಮೂರು ವರ್ಷಕ್ಕೆ ಅಕ್ಕ ತೀರಿಕೊಂಡಿದ್ದಳು. ಪರದೆಯ ಬಟ್ಟೆ ಅವಳದ್ದೇ.

"ಈ ಕಂಪನಿಯೋರು ಕೆಟ್ಟೋರಾ?"

"ಇಲ್ಲ ತಾಯಿ. ಒಳ್ಳೇ ಜನ. ಹೋದ ತಿಂಗಳು ನಾನೇ ಪರೀಕ್ಷೆ ಮಾಡ್ದೆ, ಏಳನೇದರ ನೀರು ಪನ್ನೀರಿನ ಹಾಗಿತ್ತು. ನಿಜವಾಗ್ಲೂ ಒಳ್ಳೇದು. ಅದನ್ನ ಬರೆದೆ ನೋಡಿ, ಆವತ್ತಿನ ವರದೀಲಿದ್ದ ಮಾತುಗಳೇ ಬಂದ್ವು. ನನ್ನ ಕೈ ಬರೆದದ್ದನ್ನ ನಾನು ನಂಬೋದು ಹೇಗೆ? ನೆಲ ಮರೀಬಹುದು. ನಾನು ಮರೆತಿಲ್ವಲ್ಲ. ಆವತ್ತು ಚೆಲ್ಲು ಅಂದ ನೀರು ಈ ಸಲವಾದ್ರೂ ವರದೀಲಿ ಬರ್ಲಿ ಅಂತ ಹಾಕ್ದೆ."

ಬೆಳಿಗ್ಗೆ 11.15ಕ್ಕೆ ಬಂಧನ. ದಫೇದಾರರು ಅವನ ಭುಜ ಹಿಡಿದು ಜೀಪು ಹತ್ತಿಸಿದರು, ತುಂಬಿದ ಕ್ಯಾನನ್ನು ತಮ್ಮ ಮಡಿಲಲ್ಲೇ ಇಟ್ಟುಕೊಂಡರು.

ಠಾಣೆಯಲ್ಲಿ ಮ್ಯಾನೇಜರ ಪಕ್ಕ ಪಿಂಚಣಿ ನಿಧಿಯ ಕಡೆಯಿಂದ ಬಂದ ನಿವೃತ್ತ ಶಿಕ್ಷಕಿ ಕಾದಿದ್ದರು. ಇನ್ಸ್‌ಪೆಕ್ಟರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಶಿಕ್ಷಕಿ ಕನ್ನಡಕ ತೆಗೆದು ಮುದುಕನನ್ನು ನೋಡಿದರು, ತಪ್ಪು ಮಾಡಿದ ಹಳೆಯ ವಿದ್ಯಾರ್ಥಿಯನ್ನು ನೋಡುವ ಹಾಗೆ.

"ಹೋದ ತಿಂಗಳು ನೀವು ಬರೆದದ್ದು ನಿಜಾನಾ?"

"ನಿಜ ಟೀಚರ್."

"ಇಪ್ಪತ್ತೆರಡು ವರ್ಷದ ಹಿಂದೆ ಬರೆದದ್ದು?"

"ಸುಳ್ಳು."

ಅವರು ಮ್ಯಾನೇಜರ ಕಡೆ ತಿರುಗಿದರು. "ಏಳನೇದು ಮತ್ತೆ ಪರೀಕ್ಷೆ ಆಗ್ಲಿ. ಈ ಕ್ಯಾನಿಂದೂ ಆಗ್ಲಿ. ಎರಡು ವರದಿನೂ ನಮ್ಮ ಕರಾರಿನ ಮೊದಲನೇ ಹಾಳೆಗೆ ಲಗತ್ತಿಸಿ. ಆಮೇಲೆ ಸಹಿ ಹಾಕ್ತೀವಿ. ಇಪ್ಪತ್ತಕ್ಕೆ ಆಗದಿದ್ರೆ ಮುಂದಿನ ತಿಂಗಳು."

ಮ್ಯಾನೇಜರು ತಲೆಯಾಡಿಸಿದರು.

ದಫೇದಾರರು ಜಪ್ತಿ ಪಟ್ಟಿ ಬರೆಯತೊಡಗಿದರು. "ನೀರು ತುಂಬಿದ ಪ್ಲಾಸ್ಟಿಕ್ ಕ್ಯಾನು, ಒಂದು..."

"ಏಳನೇ ಕೊಳವೆ ಅಂತ ಬರೀರಣ್ಣ," ಎಂದ ನೀರಜ್ಜ ಬೆಂಚಿನ ಮೇಲಿಂದ. "ಅದು ಬರೀ ನೀರಲ್ಲ."

ದಫೇದಾರರು ಇನ್ಸ್‌ಪೆಕ್ಟರ ಮುಖ ನೋಡಿ ಹಾಗೇ ಬರೆದರು.

ಇನ್ಸ್‌ಪೆಕ್ಟರು ಕ್ಯಾನನ್ನು ಹತ್ತಿರಕ್ಕೆ ಎಳೆದುಕೊಂಡರು. ಜಪ್ತಿಯಾದ ವಸ್ತುವಿನ ಮೇಲಿನ ಹಳೆಯ ಚೀಟಿಗೆ ಪೊಲೀಸರು ಪೆನ್ನು ತಾಗಿಸುವಂತಿಲ್ಲ. ಆದ್ದರಿಂದ ಅವರು ಠಾಣೆಯ ಹೊಸ ಚೀಟಿಯೊಂದನ್ನು ಪಕ್ಕದಲ್ಲಿ ಅಂಟಿಸಿ, ತಾರೀಕು ಹಾಕಿ, ಹೊತ್ತು ಹಾಕಿ, 'ಸ್ವೀಕರಿಸಿದವರು' ಎಂಬುದರ ಮುಂದೆ ಸಹಿ ಮಾಡಿದರು. ಮುದುಕ ಸಹಿಯ ಕೊನೆಯ ಗೀಟಿನವರೆಗೂ ನೋಡುತ್ತ ಕುಳಿತಿದ್ದ. ಆಮೇಲೆ ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು, ಅದನ್ನೂ ಜಪ್ತಿ ಮಾಡಿಕೊಳ್ಳಿ ಎನ್ನುವಂತೆ, ಮೇಜಿನ ಮೇಲಿಟ್ಟ.