ಎಂಟು ಎಸಳಿನ ಚುಕ್ಕಿ

"ಹೊಲಿದು ಕೊಡೋದು ಬ್ಯಾಡ ಮೇಡಂ, ನಂಗೆ ಕಲಿಸ್ರಿ."

ನೇತ್ರಾವತಿ ಕತ್ತರಿ ಕೆಳಗಿಟ್ಟು ನೋಡಿದಳು. ಹಿರಿಯೂರು ಬಸ್ ಸ್ಟ್ಯಾಂಡಿನ ಹಿಂದಿದ್ದ ಅವಳ ಟೈಲರಿಂಗ್ ಅಂಗಡಿಗೆ ಗಂಡಸರು ಬರುತ್ತಿದ್ದುದು ಹೆಂಡತಿಯ ಬ್ಲೌಸ್ ಒಯ್ಯಲು ಮಾತ್ರ. ಇವನಿಗೆ ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವುದನ್ನು ಕಲಿಯಬೇಕಂತೆ. ಹೆಸರು ಮಾರುತೇಶ್, ಊರು ಬಬ್ಬೂರು, ಕೆಲಸ ಲಗೇಜ್ ಆಟೋದಲ್ಲಿ ಕುರಿಗಳನ್ನು ಸಂತೆಗೆ ಸಾಗಿಸುವುದು.

ಅವನು ಪ್ಲಾಸ್ಟಿಕ್ ಕವರಿನಿಂದ ಬಟ್ಟೆಯ ಚೌಕವೊಂದನ್ನು ತೆಗೆದು ಮೇಜಿನ ಮೇಲೆ ಹಾಸಿದ. ಎಂಟು ಎಸಳಿನ ಚುಕ್ಕಿ, ನಕ್ಷತ್ರದ ಹಾಗೆ. ಎಸಳುಗಳೆಲ್ಲ ನಟ್ಟನಡುವೆ ಸೂಜಿಮೊನೆಯಷ್ಟು ಜಾಗದಲ್ಲಿ ಬಂದು ಕೂಡಿದ್ದವು. ಇಂಥ ಕೈಕೆಲಸವನ್ನು ಅವಳು ಅಲ್ಲಿಯವರೆಗೆ ನೋಡಿರಲಿಲ್ಲ.

"ಹಿಂಗೇ ಬರಬೇಕು ಮೇಡಂ."

"ಯಾರು ಹೊಲಿದಿದ್ದು?"

ಮಾರುತೇಶ್ ತಲೆಯೆತ್ತಿ ಫ್ಯಾನ್ ನೋಡಿದ. "ಹಳೇದು. ಮನೇಲಿತ್ತು."

ಹೊಲಿಗೆಯ ದಾರ ಇನ್ನೂ ಹಾಲಿನಷ್ಟು ಬೆಳ್ಳಗಿತ್ತು. ಬಂದ ದಿನವೇ ಸುಳ್ಳು ಎಂದುಕೊಂಡಳು ನೇತ್ರಾವತಿ. ಆದರೂ ಬಾಯಿ ಹೇಳಿದ್ದು ಬೇರೆಯೇ: "ಮಧ್ಯಾಹ್ನ ಬರ್ರಿ. ಗಿರಾಕಿ ಕಮ್ಮಿ ಇರ್ತಾರೆ."

ಅವನು ಬಂದ. ಮತ್ತೆ ಮತ್ತೆ ಬಂದ. ರಟ್ಟಿನ ಅಳತೆ ಇಟ್ಟು ಶಂಕರಪೋಳಿಯ ಹಾಗೆ ಓರೆಯಾಗಿ ಎಂಟು ತುಂಡು ಕತ್ತರಿಸಬೇಕು. ಎರಡೆರಡು ಜೋಡಿಸಬೇಕು, ಜೋಡಿಗಳನ್ನು ಕೂಡಿಸಿ ಅರ್ಧ ಚುಕ್ಕಿ ಮಾಡಬೇಕು, ಕೊನೆಗೆ ಎರಡು ಅರ್ಧಗಳನ್ನು ನಡುವೆ ಒಂದೇ ಹೊಲಿಗೆಯಲ್ಲಿ ಸೇರಿಸಬೇಕು. ಅಲ್ಲಿ ಒಂದು ನೂಲೆಳೆ ತಪ್ಪಿದರೂ ಚುಕ್ಕಿ ಸೊಟ್ಟ.

"ಎಳೀಬ್ಯಾಡ್ರಿ! ಕ್ರಾಸ್ ಬಟ್ಟೆ ಅದು, ಹಿಗ್ಗತ್ತೆ. ಕುರಿ ಕಿವಿ ಅಂತ ತಿಳ್ಕಂಡ್ರಾ?"

"ಕುರಿ ಕಿವಿ ನಾವು ಎಳೆಯಲ್ರಿ. ಬೈಯೋದೂ ಇಲ್ಲ." ಅವನು ಕಣ್ಣಂಚಿನಲ್ಲಿ ನೋಡಿದ. "ಹಿಂಗೆ ನೀವು ನನ್ನ ಬೈದಂಗೆ."

ಅವನ ಮೊದಲ ಚುಕ್ಕಿಯ ನಡುವೆ ಬೆರಳು ತೂರುವಷ್ಟು ತೂತು ಬಿದ್ದಿತ್ತು. ಅವನು ಬೇಸರಪಡಲಿಲ್ಲ. ಬಟ್ಟೆಯನ್ನು ಮುಖಕ್ಕೆ ಹಿಡಿದು, ತೂತಿಗೆ ಒಂದು ಕಣ್ಣು ಇಟ್ಟು ಅವಳತ್ತ ತಿರುಗಿದ.

"ಇಲ್ಲಿಂದ ಚೆನ್ನಾಗಿ ಕಾಣ್ತೀರಿ."

ನೇತ್ರಾವತಿ ಥಟ್ಟನೆ ಮಿಷಿನ್ ಕಡೆ ತಿರುಗಿ, ದಾರವೇ ಇಲ್ಲದ ಸೂಜಿಯಲ್ಲಿ ಉದ್ದಕ್ಕೆ ಹೊಲಿಗೆ ಹಾಕಿದಳು. ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ರೇಣುಕಮ್ಮ ಕೆಮ್ಮಿದರು.

ನಗು ಬಂದ ಬೆನ್ನಿಗೇ ಅನುಮಾನವೂ ಬರುತ್ತಿತ್ತು. ಅವಳ ತಪ್ಪಲ್ಲ ಅದು. ಹೊಸದುರ್ಗದ ಹುಡುಗನೊಬ್ಬನ ಜೊತೆ ಅವಳ ನಿಶ್ಚಿತಾರ್ಥ ಆಗಿತ್ತು. ಮದುವೆಗೆ ಸೀರೆ ಆರಿಸುವ ಹೊತ್ತಿಗೆ, ಅವನಿಗೆ ಬೇರೆ ಊರಿನಲ್ಲಿ ಹೆಂಡತಿ, ಮಗು ಇರುವುದು ಗೊತ್ತಾಯಿತು. ಅವನೂ ಹೀಗೇ ಚೆಂದ ನಗಿಸುತ್ತಿದ್ದ. ಅಪ್ಪನನ್ನು ಚಿತ್ರದುರ್ಗದ ತಮ್ಮನ ಮನೆಯಲ್ಲಿ ಬಿಟ್ಟು, ಯಾರ ಕನಿಕರವೂ ಬೇಡವೆಂದು ಅವಳು ಹಿರಿಯೂರಿಗೆ ಬಂದು ಅಂಗಡಿ ಇಟ್ಟಿದ್ದಳು. ಆಮೇಲೆ ಅವಳು ಹಾಲಿನ ಪಾಕೆಟ್ಟನ್ನೂ ಮೂಸಿ ನೋಡದೆ ಒಡೆದವಳಲ್ಲ.

ಮಾರುತೇಶನಲ್ಲಿ ಮೂಸಿ ನೋಡಲು ಬೇಕಾದಷ್ಟಿತ್ತು. ತಂದ ಬಟ್ಟೆಗಳೆಲ್ಲ ಹೆಂಗಸರ ಸೀರೆಯವು. ಹೊಲಿದ ಚೌಕವನ್ನು ಒಂದು ದಿನವೂ ಅಂಗಡಿಯಲ್ಲಿ ಬಿಡುತ್ತಿರಲಿಲ್ಲ. ಬಬ್ಬೂರಿನ ಬಸ್ ಬಂದರೆ ಬೀದಿಗೆ ಬೆನ್ನು ಹಾಕಿ ಕೂರುತ್ತಿದ್ದ.

ಒಂದು ಮಧ್ಯಾಹ್ನ ಬಬ್ಬೂರಿನ ಹುಚ್ಚಕ್ಕ ಬ್ಲೌಸ್ ಕೇಳಿಕೊಂಡು ಬಂದಳು. ಅವಳ ದನಿ ಮೆಟ್ಟಿಲಲ್ಲಿ ಕೇಳಿದ್ದೇ ಮಾರುತೇಶ್ ಹಾರಿ ಟ್ರಯಲ್ ರೂಮಿನ ಪರದೆ ಎಳೆದುಕೊಂಡ. ಪರದೆಯ ಕೆಳಗೆ ಅವನ ಚಪ್ಪಲಿಗಳು ಕಾಣುತ್ತಿದ್ದವು.

"ಮಾರುತೇಶನ ಆಟೋ ನಿಂತೈತಲ್ಲ, ಇಲ್ಲಿಗೆ ಬಂದಿದ್ನಾ?"

"ಇಲ್ಲ" ಎಂದಳು ನೇತ್ರಾವತಿ. ಯಾಕೆ ಅವನ ಪರವಾಗಿ ಸುಳ್ಳಾಡಿದೆ ಎಂದು ಅವಳಿಗೇ ಸಿಟ್ಟು ಬಂತು.

"ಮನೇಲಿ ತುಂಬಿದ ಬಸುರಿ ಅವ್ಳೆ. ಇವನು ಮಧ್ಯಾಹ್ನದ ಹೊತ್ತು ಎಲ್ಲಿಗೆ ಹೋಗ್ತಾನೋ, ದೇವರೇ ಬಲ್ಲ" ಎಂದು ಗೊಣಗುತ್ತ ಹುಚ್ಚಕ್ಕ ಬ್ಲೌಸ್ ಕಂಕುಳಲ್ಲಿ ಇರುಕಿಕೊಂಡು ಹೋದಳು.

ಪರದೆ ಸರಿಯಿತು. ನೇತ್ರಾವತಿಯ ಕಿವಿ ಬಿಸಿಯಾಗಿತ್ತು.

"ಯಾಕೆ ಬಚ್ಚಿಟ್ಕಂಡ್ರಿ?"

"ಅದೊಂದು ಕೇಳಬ್ಯಾಡ್ರಿ ಮೇಡಂ. ಹೇಳಂಗಿಲ್ಲ."

"ಕೇಳಲ್ಲ. ನೀವೂ ಇನ್ಮ್ಯಾಲೆ ಈ ಕಡೆ ಬರಬ್ಯಾಡ್ರಿ."

ಅವನು ಅರ್ಧ ಕೂಡಿಸಿದ ಚುಕ್ಕಿಯನ್ನು ಮೇಜಿನ ಮೇಲೆಯೇ ಬಿಟ್ಟು ಇಳಿದು ಹೋದ.

ಮರುದಿನ ನೇತ್ರಾವತಿ ಅಂಗಡಿಯನ್ನು ರೇಣುಕಮ್ಮನಿಗೆ ಒಪ್ಪಿಸಿ, ಆ ಚುಕ್ಕಿಯನ್ನು ಕವರಿಗೆ ಹಾಕಿಕೊಂಡು ಬಬ್ಬೂರಿನ ಬಸ್ ಹತ್ತಿದಳು. ವಾಪಸ್ ಕೊಡುವುದು ನೆಪ. ಅವನ ಹೆಂಡತಿಯ ಮುಖ ನೋಡಬೇಕಿತ್ತು. "ನಿನ್ನ ಗಂಡನ ವಸ್ತು, ತಗೋಮ್ಮ" ಎಂಬ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿ ಮಸೆದಳು.

ಜಗಲಿಯ ಮೇಲೆ ತುಂಬು ಬಸುರಿಯೊಬ್ಬಳು ಕಾಲು ಚಾಚಿ ಕುಳಿತು ಮಾವಿನಕಾಯಿ ಹೋಳಿಗೆ ಉಪ್ಪು ಹಚ್ಚುತ್ತಿದ್ದಳು.

"ಮಾರುತೇಶ್ ಅವ್ರ ಮನೆ..."

"ಇದೇ. ಅಣ್ಣ ಸಂತೆಗೆ ಹೋಗವ್ನೆ, ಬರ್ತಾನೆ. ಕುಂತ್ಕಳ್ರಿ."

ಅಣ್ಣ! ಮಸೆದಿಟ್ಟ ಮಾತು ಬಾಯಲ್ಲೇ ಮುರಿಯಿತು. ನೇತ್ರಾವತಿ ಜಗಲಿಯ ತುದಿಗೆ ಕುಳಿತಳು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಏನೋ ಹಗುರಾಯಿತು.

ಒಳಗಿನಿಂದ ಬಂದ ಅವನ ತಾಯಿ ನಿಂಗಕ್ಕನ ಕಣ್ಣು ನೇರ ಕವರಿಗೆ ಬಿತ್ತು.

"ಅಂಜಲಿ, ಒಲೆ ಮ್ಯಾಲೆ ಹಾಲೈತೆ, ನೋಡೋಗು." ಮಗಳು ಎದ್ದು ಹೋದದ್ದೇ ನೇತ್ರಾವತಿಯನ್ನು ಕೋಣೆಗೆ ಕರೆದು ಚಿಲಕ ಹಾಕಿದಳು. "ಯಾರು ನೀನು? ಎಲ್ಲಾ ಹೇಳ್ಬಿಟ್ನಾ ಅವನು?"

"ಏನನ್ನ ಅಮ್ಮ?"

ನಿಂಗಕ್ಕ ಎಡಗೈಯಿಂದ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹಾಗೆ ಹಿಡಿದರೂ ಅದು ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಿತ್ತು. ಹಾಸಿಗೆಯ ಮೇಲೆ ಚುಕ್ಕಿಯ ಚೌಕಗಳು ಹರಡಿದ್ದವು. ಕೆಲವು ಅಚ್ಚುಕಟ್ಟು, ಕೆಲವು ಸೊಟ್ಟ. ನೇತ್ರಾವತಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಸುತ್ತಲ ಹಳ್ಳಿ ಕೂಸುಗಳೆಲ್ಲ ನನ್ನ ಕೌದಿ ಮ್ಯಾಲೆ ಮಲಗಿ ಬೆಳೆದಾವೆ" ಎಂದಳು ನಿಂಗಕ್ಕ. "ಮಗಳ ಕೂಸಿಗೆ ಅಂತ ಶುರು ಮಾಡಿದೆ, ಕೈ ಹೋಯ್ತು, ಉಳಿದಿದ್ದು ಅವನು ಹೊಲೀತಾವ್ನೆ. ಗೊತ್ತಾದ್ರೆ ಅಂಜಲಿ ಎದೆ ಒಡಕೊಂತಾಳೆ. ಹೆರಿಗೆ ಆಗೋವರ್ಗೂ ಯಾರಿಗೂ ಹೇಳಬ್ಯಾಡ ಅಂತ ಅವನ ಕೈಲಿ ಆಣೆ ಹಾಕಿಸ್ಕಂಡಿದ್ದೆ."

"ಅವ್ರು ಒಂದು ಮಾತೂ ಹೇಳಿಲ್ಲಮ್ಮ. ನಾನು ಅಂಗಡಿಯಿಂದ ಓಡಿಸಿದಾಗ್ಲೂ ಹೇಳ್ಲಿಲ್ಲ."

"ಓಡಿಸಿದ್ಯಾ? ಅದಕ್ಕೇ ಮುದ್ದೆ ಮುರೀದೆ ಎದ್ದು ಹೋದ." ನಿಂಗಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಆಮೇಲೆ ಸೂಜಿ ಮುಂದೆ ಹಿಡಿದಳು. "ಕುಂತ್ಕೋ. ಆ ಚುಕ್ಕಿ ಮುಗಿಸು, ನಿನ್ನ ಕೈ ನೋಡಾಣ."

ನೇತ್ರಾವತಿ ಕುಳಿತಳು. ಅರ್ಧಗಳ ಮೊನೆಗೆ ಮೊನೆ ಹೊಂದಿಸಿ ನಡುಹೊಲಿಗೆ ಹಾಕಿದಳು. ಎಸಳುಗಳ ಸಂದಿಗೆ ಬಿಳಿ ತುಂಡು ಕೂರಿಸುವಾಗ ನಿಂಗಕ್ಕ, "ಮೂಲೆ ತನಕ ಹೋಗಬ್ಯಾಡ, ಒಂದು ಕೂದ್ಲೆಳೆ ಹಿಂದೆ ನಿಲ್ಲು. ಬಟ್ಟೆ ತಾನೇ ತಿರುಗ್ತೈತೆ" ಎಂದಳು. ಬಟ್ಟೆ ತಿರುಗಿತು. ಚುಕ್ಕಿ ಅರಳಿತು.

ಆಗಲೇ ಬಾಗಿಲು ಬಡಿದ ಸದ್ದು. ಚಿಲಕ ತೆಗೆದರೆ ಮಾರುತೇಶ್. ಅವ್ವನನ್ನು ನೋಡಿದ, ಚುಕ್ಕಿಯನ್ನು ನೋಡಿದ, ನೇತ್ರಾವತಿಯನ್ನು ನೋಡುತ್ತ ನಿಂತೇಬಿಟ್ಟ.

"ನಾನು ಹೇಳಿಲ್ಲವ್ವ!"

"ಗೊತ್ತು ಕಣೋ. ಹೊತ್ತಾಯ್ತು, ಈಕೀನ ಬಿಟ್ಟು ಬಾ."

ಆಟೋ ಹೊಲಗಳ ನಡುವೆ ಓಡಿತು. ಮಾರುತೇಶ್ ರಸ್ತೆಯಿಂದ ಕಣ್ಣು ಕೀಳದೆ ಕೇಳಿದ.

"ನನ್ನ ಬಗ್ಗೆ ಏನಂತ ತಿಳ್ಕಂಡಿದ್ರಿ?"

"ಮದ್ವೆ ಆಗೈತೆ ಅಂತ."

ಅವನಿಗೆ ನಗು ಬಂತು. ಅದು ಅರ್ಧಕ್ಕೇ ನಿಂತಿತು. "ಅದನ್ನ ಕೇಳಿದ್ರೆ ಹೇಳ್ತಿದ್ದೆ. ಆಣೆ ಇದ್ದಿದ್ದು ಅವ್ವನ ಕೈ ಬಗ್ಗೆ ಮಾತ್ರ."

ನೇತ್ರಾವತಿ ಹೊಸದುರ್ಗದ ಕಥೆಯನ್ನು ಹೇಳಿದಳು. ಯಾರಿಗೂ ಹೇಳದಿದ್ದ ಕಥೆ, ಆಟೋದ ಸದ್ದಿನಲ್ಲಿ ಸಲೀಸಾಗಿ ಬಂತು. "ನಂಗೆ ಈ ಅನುಮಾನ ಸುಲಭಕ್ಕೆ ಹೋಗಲ್ಲ. ಎಲ್ಲಿಗೆ ಹೋಗಿದ್ರಿ, ಯಾರ ಜೊತೆ ಇದ್ರಿ, ಎಲ್ಲಾ ಕೇಳ್ತೀನಿ."

"ಕೇಳ್ರಿ. ಕುರಿ ಲೋಡ್ ಮಾಡಿದ್ದು, ಇಳಿಸಿದ್ದು, ಟೀ ಕುಡಿದಿದ್ದು, ಎಲ್ಲಾ ಹೇಳ್ತೀನಿ. ನಿಮಗೇ ಬ್ಯಾಸರ ಆಗಬೇಕು." ಅವನು ಆಟೋದ ವೇಗ ತಗ್ಗಿಸಿದ. "ನಂಗೆ ನೀವು ಬೇಕು ಮೇಡಂ. ಬೈದ್ರೂ ಪರವಾಗಿಲ್ಲ."

ಅವಳು ತಿರುಗಿ ಅವನ ಮುಖವನ್ನು ನೋಡಿದಳು. ಹುಡುಕಿ ಹುಡುಕಿ ನೋಡಿದಳು. ಅಲ್ಲಿ ದಣಿವಿತ್ತು, ಧೂಳಿತ್ತು, ತನ್ನ ಉತ್ತರಕ್ಕಾಗಿ ಕಾಯುವ ಹೆದರಿಕೆಯಿತ್ತು. ಬೇರೆ ಏನೂ ಸಿಗಲಿಲ್ಲ.

ಹೈವೇ ಸೇರುವಲ್ಲಿ ಅವನು ಅಂಗಡಿಯ ಕಡೆಗೆ ಇಂಡಿಕೇಟರ್ ಹಾಕಿದ.

"ಆ ಕಡೆ ಬ್ಯಾಡ" ಎಂದಳು ನೇತ್ರಾವತಿ. "ಚಿತ್ರದುರ್ಗದ ಕಡೆ ಹೋಗಾಣ."

ಮಾರುತೇಶನ ಹುಬ್ಬು ಗಂಟಿಕ್ಕಿತು. ಈಗ ಅನುಮಾನಪಡುವ ಸರದಿ ಅವನದು. "ಈ ಹೊತ್ನಾಗ? ಯಾಕ್ರಿ?"

"ನಮ್ಮಪ್ಪ ಅಲ್ಲಿ ಅವ್ರೆ."

ಅವನು ಗಾಬರಿಯಾಗಿ ತನ್ನ ಅಂಗಿಯನ್ನು ನೋಡಿಕೊಂಡ. "ಈ ಅಂಗೀಲಾ? ಕುರಿ ವಾಸನೆ ಹೊಡಿತೈತೆ!"

"ಅವ್ರೂ ಕುರಿ ಕಾದೋರೇ, ನಡೀರಿ" ಎಂದು ನೇತ್ರಾವತಿ ಕೈ ಚಾಚಿ ಅವನ ಕಾಲರಿನ ಧೂಳು ಕೊಡವಿದಳು. ಆ ಕೈಯನ್ನು ಅವಳು ಬೇಗ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.