ಗುಂಡಿಗಲ್ಲ, ರೇಟಿಗೆ!

ಎದೆಯ ಮೇಲೆ ವ್ಯಾನು ಇಳಿಯುತ್ತಿತ್ತು.

ನಾನು ಗ್ಯಾರೇಜಿನ ನೆಲದ ಮೇಲೆ ಅಂಗಾತ ಮಲಗಿದ್ದೆ. ಮಲಗಿದ್ದೆ ಅನ್ನುವುದು ಮರ್ಯಾದೆಯ ಮಾತು. ಕೆಡವಿದ್ದರು! ಕೈಗಳನ್ನು ಆಕ್ಸಲ್‌ಗೆ ಬಿಗಿದಿದ್ದರು. ಬಿಸಿ ಆಯಿಲ್ ತೊಟ್ಟು ತೊಟ್ಟಾಗಿ ಕಿವಿಯೊಳಗೆ ಬೀಳುತ್ತಿತ್ತು. ಜಾಕ್‌ನ ಹಿಡಿಯ ಮೇಲೆ ಅಳಿಯನ ಬೂಟು.

ಕಿರ್ರ್...

ವ್ಯಾನು ಇನ್ನೊಂದು ಬೆರಳಿನಷ್ಟು ಕೆಳಗೆ.

"ಹೂಂ ಅಂತೀಯೋ, ಇಲ್ಲ ಕಾಗದ ಆಗ್ತೀಯೋ?"

"ಹೆಂಗಸಿನ ಮೇಲೆ ಕೈ ಮಾಡೋ ಕೆಲಸ ನಾನು ಒಪ್ಪಲ್ಲ ಅಂದೆನಲ್ಲ..."

ಕಿರ್ರ್!

ಮೂಲೆಯಿಂದ ನಗು ಕೇಳಿತು. ಹಳೆ ಟೈರುಗಳ ಗುಡ್ಡೆಯ ಮೇಲೆ ಮಾವ ಕೂತಿದ್ದ. ಕಿತ್ತಳೆ ಸುಲಿಯುತ್ತಿದ್ದ.

ಮಾವ ಯಾರು ಅಂತ ಕೇಳುತ್ತೀರಾ? ಊರಿನ ಅರ್ಧ ಗಾಂಜಾ ಅವನದು. ಉಳಿದರ್ಧ ಮಾರುವವರು ಅವನಿಗೆ ಹೆದರಿಕೊಂಡೇ ಮಾರುತ್ತಿದ್ದರು. ಮುದುಕರಿಂದ ಮಕ್ಕಳವರೆಗೆ ಎಲ್ಲರ ಬಾಯಲ್ಲೂ ಅವನು ಮಾವ. ಮಗಳನ್ನು ಕೊಟ್ಟದ್ದು ಮಾತ್ರ ಒಬ್ಬನಿಗೆ. ಆ ಒಬ್ಬನ ಬೂಟೇ ಜಾಕ್ ಮೇಲಿದ್ದದ್ದು.

ನಾನು? ಕೆಟ್ಟದ್ದನ್ನು ಸರಿ ಮಾಡುವವನು. ಸರಿ ಇದ್ದದ್ದನ್ನು ಕೆಡಿಸುವವನು. ಯಾರು ಕರೆದರೆ ಅವರ ಕೆಲಸ.

"ಕೈ ಮಾಡು ಅಂತ ಯಾರೋ ಹೇಳಿದ್ದು?" ಮಾವ ಒಂದು ತೊಳೆ ಬಾಯಿಗೆ ಹಾಕಿಕೊಂಡ. "ಅವಳ ಡ್ರೈವರ್ ರಜಾ. ನೀನು ಹೋಗ್ತೀಯಾ. ಡಿಕ್ಕಿಯಲ್ಲಿ ಒಂದು ದೊಡ್ಡ ಪ್ಯಾಕೆಟ್ ಇರುತ್ತೆ. ಸೇತುವೆ ಹತ್ರ ನಮ್ಮ ಇನ್‌ಸ್ಪೆಕ್ಟರ್ ಇರ್ತಾನೆ. ನಿಲ್ಲಿಸು. ಇಳಿ. ಹೋಗು. ಮುಗೀತು!"

"ಯಾರವಳು?"

"ಯಾವುದೋ ಪ್ರೊಫೆಸರ್. ಗಾಂಜಾನ ಕಾನೂನು ಪ್ರಕಾರ ಅಂಗಡಿಯಲ್ಲಿ ಮಾರ್ಬೇಕು ಅಂತ ಸರ್ಕಾರದ ಸಮಿತಿ ಮುಂದೆ ಹೇಳೋಕೆ ಹೋಗ್ತಿದಾಳೆ. ಹೋಗೋ ದಾರೀಲಿ ಅವಳ ಕಾರಲ್ಲೇ ಮಾಲು ಸಿಕ್ರೆ? ಆಮೇಲೆ ಅವಳ ಮಾತನ್ನ ನಾಯೀನೂ ಕೇಳಲ್ಲ."

ನನಗೆ ತಲೆಬುಡ ತಿಳಿಯಲಿಲ್ಲ. "ಒಳ್ಳೇದೇ ಅಲ್ವಾ ಮಾವ? ಪೊಲೀಸರ ಕಾಟ ತಪ್ಪುತ್ತೆ..."

ಮಾವನ ನಗು ನಿಂತಿತು.

"ಗೂಬೆ! ಪೊಲೀಸರ ಕಾಟ ಇರೋದಕ್ಕೇ ಕಣೋ ಹೊಲದಲ್ಲಿ ಹುಲ್ಲಾಗಿರೋದು ನನ್ನ ಕೈಗೆ ಬಂದಾಗ ಬಂಗಾರ ಆಗೋದು! ಒಂದು ರೇಡ್ ಆಯ್ತು ಅಂದ್ರೆ ರೇಟು ಏರ್ತು ಅಂತ ಲೆಕ್ಕ. ಕಾನೂನು ನನ್ನ ಶತ್ರು ಅಲ್ಲ. ನನ್ನ ಪಾರ್ಟ್ನರ್!"

ಕಿರ್ರ್!

"ಹೂಂ!" ಅಂದೆ.

ಎದೆಮೂಳೆ ಪುಡಿಯಾದ ಮೇಲೆ ನೀತಿಯನ್ನು ಎಲ್ಲಿ ಇಟ್ಟುಕೊಳ್ಳಲಿ, ಹೇಳಿ?

ಮರುದಿನ ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ಅವಳದೇ ಕಾರನ್ನು ಅವಳ ಮನೆಯ ಬಾಗಿಲಿಗೆ ತಂದು ನಿಲ್ಲಿಸಿದೆ, ಡಿಕ್ಕಿಯಲ್ಲಿ ಪ್ಯಾಕೆಟ್. ಅದೇ ಹೊತ್ತಿಗೆ ಮಾವ ಬಿಳಿ ಬಟ್ಟೆ ತೊಟ್ಟು 'ಗಾಂಜಾ ತೊಲಗಲಿ, ಯುವಕರು ಉಳಿಯಲಿ' ಅನ್ನುವ ಸಭೆಗೆ ಅಧ್ಯಕ್ಷನಾಗಲು ಹೊರಟಿದ್ದ. ಬ್ಯಾನರಿನ ಖರ್ಚೂ ಅವನದೇ.

ಮೇಡಂ ಹೊರಗೆ ಬಂದಳು. ಅರವತ್ತರ ಹೆಂಗಸು. ಒಂದು ಮಂಡಿ ಸೆಟೆದಿತ್ತು. ಹಿಂದಿನ ಸೀಟಿನಲ್ಲಿ ಕೂತು ಕನ್ನಡಕ ಒರೆಸಿದಳು. ಮೂಗು ಅರಳಿಸಿದಳು.

ಮೊದಲ ಸಿಗ್ನಲ್‌ನಲ್ಲಿ ಕೇಳಿದಳು: "ಡಿಕ್ಕಿಯಲ್ಲಿ ಎಷ್ಟಿದೆಯಪ್ಪಾ?"

"ಏನು ಮೇಡಂ?"

"ಗಾಂಜಾ. ಅದೂ ಕಳಪೆ ಮಾಲು. ಬೂಟ್ ಪಾಲಿಶ್ ವಾಸನೆ ಹೊಡೀತಿದೆ. ತೂಕ ಬರಲಿ ಅಂತ ಬಳಿದಿದಾರೆ. ಅದನ್ನ ಸೇದಿ ರಕ್ತ ಕೆಮ್ಮಿದೋರನ್ನ ಆಸ್ಪತ್ರೆಯಲ್ಲಿ ನೋಡಿದೀನಿ."

ಬಾಗಿಲುಗಳ ಲಾಕ್ ಒತ್ತಿದೆ. ಸೀಟಿನಡಿಯ ಪಿಸ್ತೂಲು ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಕನ್ನಡಿಯಲ್ಲಿ ಅವಳಿಗೆ ಕಾಣುವ ಹಾಗೆ.

"ತೆಪ್ಪಗೆ ಕೂತ್ಕೋ."

"ಎಲ್ಲಿ ಹಿಡಿಸ್ತೀಯಾ?"

"ಸೇತುವೆ ಹತ್ರ."

"ಹಾಗಾದ್ರೆ ಇನ್ನೂ ಸ್ವಲ್ಪ ಮಾತಾಡಬಹುದು."

ಅಳುವವರನ್ನು ನೋಡಿದ್ದೇನೆ. ಕಾಲು ಹಿಡಿಯುವವರನ್ನು ನೋಡಿದ್ದೇನೆ. ಪ್ಯಾಂಟು ಒದ್ದೆ ಮಾಡಿಕೊಂಡವರನ್ನೂ ನೋಡಿದ್ದೇನೆ. ಇವಳು ಪಾಠ ಶುರು ಮಾಡಿದಳು!

"ಸೇದೋದು ಒಳ್ಳೇದು ಅಂತ ನಾನು ಹೇಳಲ್ಲ. ನನ್ನ ಮೊಮ್ಮಗ ಸೇದಿದ್ರೆ ಕಪಾಳಕ್ಕೆ ಬಿಗೀತೀನಿ. ಆದ್ರೆ ಸೇದೋರು ಸೇದ್ತಾನೇ ಇದಾರೆ. ಇನ್ನು ಉಳಿದಿರೋ ಪ್ರಶ್ನೆ ಒಂದೇ. ಮಾರೋರು ಯಾರು?"

"ನೀತಿಪಾಠ ಬೇಡ."

"ನೀತಿ ಅಲ್ಲಪ್ಪಾ, ವ್ಯಾಪಾರ. ಲಾಭ ಎಲ್ಲಾ ನಿನ್ನ ಯಜಮಾನನಿಗೆ. ಖರ್ಚು ಎಲ್ಲಾ ನಮಗೆ. ಹಿಡಿಯೋ ಪೊಲೀಸಿಗೆ ಸಂಬಳ, ಕೇಸು ಕೇಳೋ ಕೋರ್ಟಿಗೆ ಸಂಬಳ, ಒಳಗೆ ಕೂರೋನಿಗೆ ಊಟ... ಯಾರಪ್ಪನ ಮನೆ ದುಡ್ಡು ಅದು? ಅದರ ಬದಲು ಅಂಗಡಿಗೆ ಲೈಸೆನ್ಸ್ ಕೊಡಿ. ಮಾಲು ಪರೀಕ್ಷೆ ಮಾಡಿ. ಮಕ್ಕಳಿಗೆ ಮಾರಿದ್ರೆ ಬೀಗ ಹಾಕಿ. ಬಂದ ತೆರಿಗೆಯಲ್ಲಿ ಚಟ ಬಿಡಿಸೋ ಆಸ್ಪತ್ರೆ ನಡೆಸಿ. ಪೊಲೀಸರು ಹೋಗಿ ಕೊಲೆಗಾರರನ್ನ ಹುಡುಕಲಿ. ಇಷ್ಟೇ ನಾನು ಹೇಳೋದು."

"ತೆರಿಗೆ ಅಂತ ಸಿಕ್ಕಾಪಟ್ಟೆ ಬಡೀತೀರಿ. ಜನ ಮತ್ತೆ ಮಾವನ ಹತ್ರಾನೇ ಬರ್ತಾರೆ."

ಬಾಯಿ ತಪ್ಪಿ ಬಂದುಬಿಟ್ಟಿತು. ಅವಳು ಮುಂದಕ್ಕೆ ಬಾಗಿದಳು.

"ಅದಕ್ಕೇ ಮೊದಲು ತೆರಿಗೆ ಕಮ್ಮಿ ಇಡಿ ಅಂತೀನಿ. ನಿಮ್ಮ ಮಾವನಿಗಿಂತ ಅಗ್ಗ ಇರ್ಬೇಕು. ಅವನು ಮುಳುಗೋ ತನಕ!"

ನಾನು ಕರಗಿಹೋದೆ ಅಂದುಕೊಂಡಿರಾ? ಇಲ್ಲ. ಅವಳ ಮಾತು ನ್ಯಾಯ ಅನ್ನಿಸಿತು, ನಿಜ. ನ್ಯಾಯ ಅನ್ನಿಸಿದ್ದನ್ನೆಲ್ಲ ಮಾಡುತ್ತಾ ಹೋಗಿದ್ದರೆ ನನ್ನ ಮನೆಯ ಒಲೆ ಎಂದೋ ಆರುತ್ತಿತ್ತು. ಉಸಿರೆಳೆದರೆ ಪಕ್ಕೆ ಇನ್ನೂ ಚುಚ್ಚುತ್ತಿತ್ತು. ಕಾರನ್ನು ಸೇತುವೆಯ ಕಡೆಗೇ ತಿರುಗಿಸಿದೆ.

ಕನ್ನಡಕ ತೆಗೆದು ಬ್ಯಾಗಿನಲ್ಲಿಟ್ಟಳು. ಹೊಡೆತ ಬಿದ್ದರೆ ಒಡೆಯಬಾರದು ಅಂತ ಇರಬೇಕು.

ಬ್ಯಾರಿಕೇಡ್. ಜೀಪು. ಪೇದೆಗಳು. ಕ್ಯಾಮೆರಾ ಹಿಡಿದವನೊಬ್ಬ ಆಗಲೇ ರೆಡಿ! ಅವರ ಹಿಂದೆ ಅಳಿಯನ ವ್ಯಾನು... ತಮಾಷೆ ನೋಡಲು ಬಂದಿದ್ದ.

ಗಾಜು ಇಳಿಸಿದೆ. ಇನ್‌ಸ್ಪೆಕ್ಟರ್ ಕಿಟಕಿಯ ಮೇಲೆ ಎರಡೂ ಕೈ ಊರಿ ಬಾಗಿದ.

"ಭೇಷ್! ನಿಯತ್ತಿನ ನಾಯಿ ಅಂದ್ರೆ ನೀನೇ ಕಣೋ. ಸ್ವಂತ ಭಾವನ್ನೇ ಕೊಟ್ರೂ ಮಾವನ ಬಾಗಿಲು ಬಿಡಲಿಲ್ಲ ನೋಡು!"

"ಯಾರು... ಯಾರನ್ನ ಕೊಟ್ಟಿದ್ದು?"

"ಅಯ್ಯೋ, ಗೊತ್ತಿಲ್ವಾ?" ಅವನಿಗೆ ನಗು ತಡೆಯಲಾಗಲಿಲ್ಲ. "ತಿಂಗಳ ಕೊನೆಗೆ ನನ್ನ ಕೋಟಾಕ್ಕೆ ಒಂದು ತಲೆ ಕಮ್ಮಿ ಬಿದ್ದಿತ್ತು. ಮಾವನಿಗೆ ಫೋನ್ ಮಾಡ್ದೆ. ಟೈಲರ್ ಒಬ್ಬ ಈಗಷ್ಟೇ ನಮ್ಮ ಹತ್ರ ತಗೊಂಡು ಹೋದ, ಹಿಡ್ಕೊಳ್ಳಿ ಅಂದ. ಹಿಡ್ಕೊಂಡೆ!"

ಟೈಲರ್. ನನ್ನ ಅಕ್ಕನ ಗಂಡ. ಕಾಲರ್ ಕೂರಿಸುವುದರಲ್ಲಿ ಎತ್ತಿದ ಕೈ. ಮಷೀನಿನ ಮುಂದೆ ಬಗ್ಗಿ ಬಗ್ಗಿ ಬೆನ್ನು ಹೋಗಿತ್ತು, ನೋವಿಗೆ ಎರಡು ದಮ್ಮು ಎಳೆಯುತ್ತಿದ್ದ. ಜೇಬಿನಲ್ಲಿ ಸಿಕ್ಕಿದ್ದು ಬೆಂಕಿಪೊಟ್ಟಣದಷ್ಟು ಮಾಲು. ಅವತ್ತಿನಿಂದ ಜೈಲು. ಕೇಸು ಒಂದು ಸಲವೂ ವಿಚಾರಣೆಗೆ ಬಂದಿರಲಿಲ್ಲ. ಕೋರ್ಟಿನ ತುಂಬ ಇಂಥವೇ ಕೇಸುಗಳಂತೆ! ಅವನನ್ನು ಹಿಡಿದುಕೊಟ್ಟವನು ಯಾರು ಅಂತ ನಾನು ಊರೆಲ್ಲ ಜಾಲಾಡಿದ್ದೆ. ಮಾವ ನನ್ನ ಹೆಗಲ ಮೇಲೆ ಕೈ ಹಾಕಿ, "ನಾನೇ ಹುಡುಕಿಸ್ತೀನಿ ಬಿಡು" ಅಂದಿದ್ದ.

ಗಾಜಿನ ಬಟನ್ ಒತ್ತಿದೆ.

ಗಾಜು ಸರ್ರನೆ ಏರಿತು. ಇನ್‌ಸ್ಪೆಕ್ಟರನ ಬೆರಳುಗಳು ಸಿಕ್ಕಿಕೊಂಡವು. ಆಕ್ಸಿಲರೇಟರ್ ತುಳಿದೆ! ಬ್ಯಾರಿಕೇಡ್ ಹಾರಿತು. ಅವನು ನಮ್ಮ ಜತೆ ಓಡಿದ... ಓಡಲಾರದೆ ಜೋತುಬಿದ್ದ... ಆಮೇಲೆ ಬೂಟುಗಳು ಟಾರಿನ ಮೇಲೆ ಎಳೆದಾಡಿದವು. ಸೇತುವೆಯ ಕೊನೆಯಲ್ಲಿ ಗಾಜು ಇಳಿಸಿದೆ. ಬೆರಳು ಮುರಿದ ಸದ್ದು ಇಂಜಿನ್ನಿನ ಗದ್ದಲದಲ್ಲೂ ಕೇಳಿಸಿತ್ತು.

ಇಂಪಾಗಿತ್ತು.

"ಸಮಿತಿ ಎಲ್ಲಿ ಸೇರೋದು?" ಅಂದೆ.

"ಹಳೇ ಸಚಿವಾಲಯ," ಮೇಡಂ ಕನ್ನಡಕ ಹಾಕಿಕೊಂಡಳು. "ಎಡಕ್ಕೆ!"

ಹಿಂದೆ ವ್ಯಾನು. ಕನ್ನಡಿಯಲ್ಲಿ ಅಳಿಯನ ಹಲ್ಲು. ಧಡ್! ನಮ್ಮ ಬಂಪರ್ ಕಿತ್ತುಹೋಯಿತು. ಒನ್‌ವೇಗೆ ಎದುರಾಗಿ ನುಗ್ಗಿದೆ. ಬಸ್ಸೊಂದು ಹಾರ್ನ್ ಹೊಡೆಯುತ್ತಾ ಫುಟ್‌ಪಾತ್ ಹತ್ತಿತು. ಧಡ್! ಹಿಂದಿನ ಗಾಜು ಪುಡಿಪುಡಿ. ಮೇಡಂ ಸೀಟಿನ ಕೆಳಗೆ ಕುಸಿದಳು. ಹಣೆಯಿಂದ ರಕ್ತ.

"ಬದುಕಿದೀರಾ?"

"ಬಾಯಿ ಸರಿಯಾಗಿದೆ! ಅಷ್ಟು ಸಾಕು!"

ಸಚಿವಾಲಯದ ಗೇಟು ಕಂಡಿತು. ಗನ್ ಹಿಡಿದ ಗಾರ್ಡುಗಳು. ವಾಸನೆ ಹಿಡಿಯುವ ನಾಯಿ. ಇವರು ಮಾವನ ಉಪ್ಪು ತಿಂದವರಲ್ಲ, ಬೇರೆ ಇಲಾಖೆ. ಗೇಟಿನ ಪಕ್ಕದ ಗೋಡೆಗೆ ಒತ್ತಿಕೊಂಡು ಬ್ರೇಕ್ ಹಾಕಿದೆ. ವ್ಯಾನು ನಮ್ಮ ಬೆನ್ನಿಗೇ ಬಂದು ಗುದ್ದಿ, ಮೂತಿ ನಮ್ಮ ಡಿಕ್ಕಿಯೊಳಗೆ ಸಿಕ್ಕಿ ನಿಂತಿತು.

ಇಳಿದೆ. ಡಿಕ್ಕಿಯ ಸಂದಿಗೆ ಕೈ ಹಾಕಿ ಪ್ಯಾಕೆಟ್ ಎಳೆದೆ. ಅಳಿಯ ಸ್ಟೀರಿಂಗಿಗೆ ಹಣೆ ಹೊಡೆದುಕೊಂಡು ತೂಗುತ್ತಿದ್ದ. ಕಿಟಕಿ ತೆರೆದೇ ಇತ್ತು.

"ತಗೋ... ನಿಮ್ಮ ಮನೆ ಸ್ವತ್ತು!"

ಪ್ಯಾಕೆಟ್ ಹರಿದು ಅವನ ತೊಡೆಯ ಮೇಲೆ ಸುರಿದೆ. ಮೈಮೇಲೆ, ಸೀಟಿನ ಮೇಲೆ, ಎಲ್ಲೆಲ್ಲೂ ಹಸಿರು! ಆಮೇಲೆ ನಾಯಿಯ ಕಡೆಗೆ ತಿರುಗಿ ಸಿಳ್ಳೆ ಹಾಕಿದೆ.

ನಾಯಿ ತನ್ನ ಕೆಲಸ ಚೆನ್ನಾಗಿ ಕಲಿತಿತ್ತು. ಅಳಿಯನ ತೊಡೆ ಬಿಡಲೇ ಇಲ್ಲ.

ಆ ಗಲಾಟೆಯಲ್ಲಿ ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೆ. ಮಾವ ಇನ್ನೂ ಸಭೆಯಲ್ಲೇ ಇರುತ್ತಾನೆ. ಮೈಕ್ ಮುಂದೆ. ಹಣೆಗೆ ಒಂದು ಸಾಕು.

ಮೇಡಂ ನನ್ನ ತೋಳು ಹಿಡಿದಳು. ಕರ್ಚೀಫಿನಿಂದ ಹಣೆ ಒತ್ತಿಕೊಂಡಿದ್ದಳು.

"ಸುಟ್ರೆ ಏನಾಗುತ್ತೆ?"

"ಸಾಯ್ತಾನೆ."

"ಆಮೇಲೆ?"

ತೋಳು ಬಿಡಿಸಿಕೊಳ್ಳಲು ನೋಡಿದೆ. ಅವಳು ಬಿಡಲಿಲ್ಲ.

"ಕುರ್ಚಿ ಖಾಲಿ ಆಗುತ್ತೆ. ಸಂಜೆ ಒಳಗೆ ಇನ್ನೊಬ್ಬ ಬಂದು ಕೂರ್ತಾನೆ. ರೇಟು ಏರುತ್ತೆ. ಆ ಇನ್ನೊಬ್ಬನಿಗೂ ತಿಂಗಳಿಗೆ ನಾಕು ಟೈಲರ್ ಬೇಕಾಗ್ತಾರೆ. ಇಷ್ಟು ವರ್ಷ ಪೊಲೀಸರು ಮಾಡಿದ್ದೂ ಇದೇ. ಕೂತೋನನ್ನ ಹೊಡೆಯೋದು." ಅವಳು ನನ್ನ ಕಣ್ಣನ್ನೇ ನೋಡಿದಳು. "ನಾನು ಕುರ್ಚಿ ಮುರಿಯೋಕೆ ಬಂದಿದೀನಿ. ಮಂಡಿ ನೋಯ್ತಿದೆ. ಮೆಟ್ಟಿಲು ಹತ್ತಿಸ್ತೀಯಾ, ಇಲ್ವಾ?"

ಪಿಸ್ತೂಲನ್ನು ಗೇಟಿನ ಪಕ್ಕದ ಪೊದೆಗೆ ತುರುಕಿದೆ. ಹತ್ತಿಸಿದೆ.

ಒಳಗೆ ಕೊನೆಯ ಸಾಲಿನಲ್ಲಿ ಕೂತೆ. ರಕ್ತ ಮೆತ್ತಿದ ಕರ್ಚೀಫು ಹಿಡಿದುಕೊಂಡೇ ಅವಳು ಮಾತಾಡಿದಳು. ಅಧ್ಯಕ್ಷ ಗಂಟಲು ಸರಿಮಾಡಿಕೊಂಡು ಕೇಳಿದ: "ಮಕ್ಕಳು ಹಾಳಾಗಲ್ವೇನಮ್ಮಾ?"

"ಈಗ ಮಾರ್ತಿರೋನು ಮಕ್ಕಳ ವಯಸ್ಸು ಕೇಳಿ ಮಾರ್ತಾನಾ ಸರ್?"

ಅಧ್ಯಕ್ಷ ಪೆನ್ನು ತೆಗೆದು ಬರೆದುಕೊಂಡ.

ಕಾನೂನು ಬಂತು. ಅವತ್ತೇ ಅಲ್ಲ, ವರ್ಷವೇ ಹಿಡಿಯಿತು. ಸರ್ಕಾರಕ್ಕೆ ಕರುಣೆ ಉಕ್ಕಿತು ಅಂದುಕೊಳ್ಳಬೇಡಿ. ಖಜಾನೆ ಬರಿದಾಗಿತ್ತು, ಅಷ್ಟೇ. ಆ ವರ್ಷದಲ್ಲಿ ಮಾವ ಸುಮ್ಮನಿರಲಿಲ್ಲ. ಅಕ್ಕನ ಟೈಲರ್ ಅಂಗಡಿಗೆ ಬೆಂಕಿ ಇಟ್ಟ. ನನ್ನನ್ನು ಹಿಡಿಸಿ ಸುತ್ತಿಗೆಯಿಂದ ಎಡಗೈ ಜಜ್ಜಿಸಿದ. ಮೂರು ಬೆರಳು ಈಗಲೂ ಮಡಚುವುದಿಲ್ಲ.

ಭಾವ? ಒಳಗೇ ಕೆಮ್ಮಿ ಕೆಮ್ಮಿ ಸತ್ತ. ಸಣ್ಣಪುಟ್ಟ ಕೇಸಿನವರನ್ನೆಲ್ಲ ಬಿಡಬೇಕು ಅಂತ ಹೊಸ ಕಾನೂನಿನಲ್ಲೇ ಇತ್ತು. ಅದರಂತೆ ಅವನ ಬಿಡುಗಡೆಯ ಆದೇಶ ಅಕ್ಕನ ಮನೆಗೆ ಬಂತು, ಅವನನ್ನು ಮಣ್ಣು ಮಾಡಿ ಬಂದ ಮೇಲೆ. ಅಕ್ಕ ಅದನ್ನು ಓದಿದಳು. ನಾಕಾಗಿ ಮಡಚಿದಳು. ಸುಟ್ಟು ಉಳಿದ ಮಷೀನಿನ ಒಂದು ಕಾಲು ಅಲ್ಲಾಡುತ್ತಿತ್ತು. ಅದರ ಅಡಿಗೆ ತುರುಕಿದಳು.

"ಈಗ ಸರಿ ನಿಂತಿದೆ," ಅಂದಳು. ಹೊಲಿಯಲು ಕೂತಳು.

ಅಂಗಡಿಗಳು ತೆರೆದವು. ಗಾಜಿನ ಬಾಗಿಲು, ಸೀಲ್ ಹಾಕಿದ ಡಬ್ಬಿ, ಪರೀಕ್ಷೆಯ ಮುದ್ರೆ. ಮಾವನದಕ್ಕಿಂತ ಅಗ್ಗ! ಮಾವ ರೇಟು ಇಳಿಸಿದ. ಅಂಗಡಿಯವರೂ ಇಳಿಸಿದರು. ಮಾವ ಇನ್ನೂ ಇಳಿಸಿದ. ಹುಡುಗರಿಗೆ ಕೂಲಿ ಕೊಡಲಾಗಲಿಲ್ಲ. ಒಬ್ಬೊಬ್ಬರಾಗಿ ಜಾರಿಕೊಂಡರು. ಅವರಲ್ಲೊಬ್ಬ ಅದೇ ಗಾಜಿನ ಬಾಗಿಲಿನಲ್ಲಿ ವಾಚ್‌ಮನ್ ಆಗಿ ನಿಂತ, ಮಾವನಿಗೇ ಸಲ್ಯೂಟ್ ಹೊಡೆದನಂತೆ!

ಮಾವ ಲೈಸೆನ್ಸಿಗೂ ಅರ್ಜಿ ಹಾಕಿದ. ಬಂಡವಾಳ ಎಲ್ಲಿಂದ ಬಂತು ಅಂತ ತೋರಿಸಬೇಕಿತ್ತು. ಆ ಒಂದು ಸಾಲನ್ನು ಕಾನೂನಿಗೆ ಸೇರಿಸಲು ಮೇಡಂ ಹಟ ಹಿಡಿದು ಕೂತಿದ್ದಳು. ಮಾವ ಏನು ತೋರಿಸುತ್ತಾನೆ? ಆಕಾಶ ತೋರಿಸಿದ. ಅಳಿಯ ಜೈಲಿನಿಂದ ಬರುತ್ತಿದ್ದ ಹಾಗೇ ಲೈಸೆನ್ಸ್ ಕಚೇರಿಯಲ್ಲಿ ಮಾವನ ವಿರುದ್ಧ ಸಾಕ್ಷಿ ಹೇಳಿ, ಮನೆಯನ್ನು ಹೆಂಡತಿಯ ಹೆಸರಿಗೆ ಬರೆಸಿಕೊಂಡು, ಮುದುಕನನ್ನು ಹೊರಗೆ ಹಾಕಿದ. ಬೆರಳು ಮುರಿದ ಇನ್‌ಸ್ಪೆಕ್ಟರ್ ಫೋನೇ ಎತ್ತುತ್ತಿರಲಿಲ್ಲ.

ಮೊನ್ನೆ ಮಧ್ಯಾಹ್ನ ಮಾವ ಅಕ್ಕನ ಅಂಗಡಿಗೆ ಬಂದ. ನಾನು ಗುಂಡಿ ಹಚ್ಚುತ್ತಿದ್ದೆ. ಗುರುತು ಸಿಗಲಿಲ್ಲ. ಕಾಲರ್ ಹರಿದಿತ್ತು. ಹೊಸ್ತಿಲ ಮೇಲೆ ಕುಸಿದು ಕೂತ.

"ಪಿಸ್ತೂಲು ಇದೆಯೇನೋ ಇನ್ನೂ?"

"ಇದೆ."

"ಹೊಡಿ. ನಿನ್ನ ಭಾವನ್ನ ಕೊಟ್ಟೋನು ನಾನೇ. ಹೊಡಿಯೋ! ಬೀದಿ ನಾಯಿ ಹಾಗೆ ಸಾಯೋಕಾಗಲ್ಲ. ಮಾವನ್ನ ಗುಂಡಿಟ್ಟು ಕೊಂದ್ರು ಅಂತ ಪೇಪರಲ್ಲಾದ್ರೂ ಬರಲಿ..."

ಅಕ್ಕ ಮಷೀನು ನಿಲ್ಲಿಸಿದಳು. ನನ್ನ ಮುಖ ನೋಡಿದಳು. ಬೇಡ ಅನ್ನಲಿಲ್ಲ. ಹೂಂ ಅನ್ನಲೂ ಇಲ್ಲ.

ಪಿಸ್ತೂಲು ತೆಗೆದೆ. ಅವನು ಕಣ್ಣು ಮುಚ್ಚಿದ. ಮುಖದಲ್ಲಿ ಎಷ್ಟು ಆಸೆ ಅಂತೀರಿ!

ಗುಂಡನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿದೆ. ಮತ್ತೆ ಜೇಬಿಗೆ ಹಾಕಿಕೊಂಡೆ.

"ಗುಂಡಿನ ರೇಟು ಏರಿದೆ ಮಾವ... ನೀನು ಅಷ್ಟು ಬಾಳಲ್ಲ."